ಗೊತ್ತಿಲ್ಲದ ಊರಿನಲ್ಲಿ ಲೇಓವರ್: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ವಿಮಾನಗಳ ನಡುವೆ, ಹೆಸರು ಮಾತ್ರ ಕೇಳಿದ್ದ ಊರೊಂದರಲ್ಲಿ ಏಳೆಂಟು ಗಂಟೆ ಕಳೆಯಬೇಕಾಗಿ ಬಂದವರು ಕೇಳುವ ಪ್ರಶ್ನೆಗಳು ಇವು. ಉತ್ತರಗಳಲ್ಲಿ ನಿಯಮದ ಜೊತೆ ನನ್ನ ಅಭಿಪ್ರಾಯವೂ ಬೆರೆತಿದೆ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಟಿಕೆಟ್ ತೆಗೆಯುವ ಮುನ್ನ ಆಯಾ ದೇಶದ ಅಧಿಕೃತ ಜಾಲತಾಣವನ್ನು ಒಮ್ಮೆ ನೋಡಿಬಿಡಿ.

ಲೇಓವರ್, ಸ್ಟಾಪ್‌ಓವರ್ ಎರಡೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ, ಟಿಕೆಟ್ ಲೆಕ್ಕದಲ್ಲಿ ಅಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ನಡುವಿನ ಊರಿನಲ್ಲಿ 24 ಗಂಟೆಯೊಳಗೆ ಮುಂದಿನ ವಿಮಾನ ಹತ್ತಿದರೆ ಲೇಓವರ್, 24 ಗಂಟೆ ದಾಟಿದರೆ ಸ್ಟಾಪ್‌ಓವರ್. ದಾಟಿದರೆ ಟಿಕೆಟ್ ದರದ ಲೆಕ್ಕ ಬದಲಾಗಬಹುದು, ಚೆಕ್-ಇನ್ ಮಾಡಿದ ಲಗೇಜನ್ನೂ ಸಾಮಾನ್ಯವಾಗಿ ಆ ಊರಿನಲ್ಲೇ ಇಳಿಸಿಕೊಳ್ಳಬೇಕಾಗುತ್ತದೆ. ಕೆಲವು ವಿಮಾನ ಸಂಸ್ಥೆಗಳಿಗೆ ಸ್ಟಾಪ್‌ಓವರ್ ಒಂದು ವ್ಯಾಪಾರವೇ ಆಗಿದೆ. ಐಸ್‌ಲ್ಯಾಂಡ್‌ಏರ್ ಅಟ್ಲಾಂಟಿಕ್ ದಾಟುವ ತನ್ನ ಪ್ರಯಾಣಿಕರಿಗೆ ವಿಮಾನ ದರ ಹೆಚ್ಚಿಸದೆ 7 ರಾತ್ರಿಯವರೆಗೆ ಐಸ್‌ಲ್ಯಾಂಡ್‌ನಲ್ಲಿ ಉಳಿದುಕೊಳ್ಳಲು ಬಿಡುತ್ತದೆ. ನಿಮ್ಮ ಲೇಓವರ್ 20 ಗಂಟೆಯ ಆಸುಪಾಸಿನಲ್ಲಿದ್ದರೆ, ಅದನ್ನು ಎರಡು ದಿನಕ್ಕೆ ಎಳೆಯಲು ಆಗುತ್ತದೆಯೇ ಎಂದು ಕೇಳಿ ನೋಡಿ. ಕೇಳಿದರೆ ಕಳೆದುಕೊಳ್ಳುವುದೇನಿಲ್ಲ.

ಎಷ್ಟು ಗಂಟೆ ಇದ್ದರೆ ಊರೊಳಗೆ ಹೋಗಿ ಬರಬಹುದು?

ಟಿಕೆಟ್‌ನಲ್ಲಿ ಕಾಣುವ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮವಲ್ಲ. ಇದೊಂದು ತಲೆಗೆ ಹೋದರೆ ಉಳಿದದ್ದು ಸಲೀಸು. ಇಳಿದ ಹೊತ್ತಿನಿಂದ ಮುಂದಕ್ಕೆ ಎಣಿಸಬೇಡಿ, ಮುಂದಿನ ವಿಮಾನದ ಗೇಟ್ ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಎಣಿಸಿ.

ಬೆಳಗ್ಗೆ 10ಕ್ಕೆ ಇಳಿದಿರಿ, ಸಂಜೆ 6ಕ್ಕೆ ಹೊರಡಬೇಕು ಅಂದುಕೊಳ್ಳಿ. ಕಾಗದದ ಮೇಲೆ 8 ಗಂಟೆ. ಗೇಟ್ ಸಾಮಾನ್ಯವಾಗಿ 15–20 ನಿಮಿಷ ಮುಂಚೆಯೇ ಮುಚ್ಚುತ್ತದೆ, ಅಂದರೆ 5.40ಕ್ಕೆ. ಇಮಿಗ್ರೇಷನ್, ಸೆಕ್ಯುರಿಟಿ, ಗೇಟಿನವರೆಗಿನ ನಡಿಗೆ ಎಲ್ಲಾ ಸೇರಿದರೆ 3.30ಕ್ಕೆ ವಿಮಾನ ನಿಲ್ದಾಣದ ಬಾಗಿಲಲ್ಲಿರಬೇಕು. ಊರಿನಿಂದ ಮುಕ್ಕಾಲು ಗಂಟೆಯ ದಾರಿಯಾದರೆ ಅಲ್ಲಿಂದ 2.45ಕ್ಕೆ ಹೊರಡಬೇಕು. ಈಗ ಇಳಿದು ಊರು ಮುಟ್ಟುವ ಹೊತ್ತಿನ ಲೆಕ್ಕ. ವಿಮಾನದಿಂದ ಇಳಿದು, ಇಮಿಗ್ರೇಷನ್ ಕ್ಯೂ ಮುಗಿಸಿ, ರೈಲಿನ ಟಿಕೆಟ್ ಕೊಳ್ಳುವಷ್ಟರಲ್ಲಿ 11.15 ಆಗಿರುತ್ತದೆ. ಊರು ಮುಟ್ಟಿದಾಗ 12. ಎಂಟು ಗಂಟೆಯಲ್ಲಿ ಕೈಗೆ ಉಳಿದದ್ದು ಎರಡೂಮುಕ್ಕಾಲು. ಇದೇ ಲೆಕ್ಕವನ್ನು 6 ಗಂಟೆಯ ಲೇಓವರ್‌ಗೆ ಹಾಕಿದರೆ ಉಳಿಯುವುದು ಬರೀ ಮುಕ್ಕಾಲು ಗಂಟೆ. ಅದಕ್ಕಾಗಿ ಒಂದೂವರೆ ಗಂಟೆ ರೈಲಿನಲ್ಲಿ ಕೂತು ಬರಬೇಕೇ ಎಂಬುದನ್ನು ನೀವೇ ನಿರ್ಧರಿಸಿ.

ನನ್ನ ಅಂದಾಜು ಹೀಗಿದೆ. ಐದು ಗಂಟೆಯೊಳಗಿದ್ದರೆ ಹೊರಗೆ ಹೋಗುವ ಮಾತೇ ಬೇಡ. ಆರರಿಂದ ಎಂಟು ಗಂಟೆಯಾದರೆ, ವಿಮಾನ ನಿಲ್ದಾಣದಿಂದ ಊರಿಗೆ ನೇರ ರೈಲು ಇದ್ದು ಅದು ಅರ್ಧ ಗಂಟೆಯೊಳಗೆ ಮುಟ್ಟಿಸುವುದಾದರೆ ಮಾತ್ರ ಹೋಗಿ. ಎಂಟು ದಾಟಿದರೆ, ಹಗಲಾಗಿದ್ದರೆ, ವೀಸಾ ತೊಡಕಿಲ್ಲದಿದ್ದರೆ ಖಂಡಿತ ಹೋಗಿ ಬನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಲೇಓವರ್‌ಗೆ ಹೊಂದುವಷ್ಟು ಇನ್ಯಾವುದಕ್ಕೂ ಹೊಂದಲಿಕ್ಕಿಲ್ಲ.

ವಿಮಾನ ನಿಲ್ದಾಣ ಊರಿಗೆ ಹತ್ತಿರವಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಕಿಲೋಮೀಟರ್ ನೋಡಬೇಡಿ, ನಿಮಿಷ ನೋಡಿ. ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್‌ನಲ್ಲಿ ರೈಲು ನಿಲ್ದಾಣ ಟರ್ಮಿನಲ್ಲಿನ ಕೆಳಗೇ ಇದೆ, ಕಾಲು ಗಂಟೆ ಚಿಲ್ಲರೆಯಲ್ಲಿ ಊರಿನ ಮುಖ್ಯ ನಿಲ್ದಾಣದಲ್ಲಿರುತ್ತೀರಿ. ಜ್ಯೂರಿಕ್, ಕೋಪನ್‌ಹೇಗನ್ ಕೂಡ ಹೀಗೇ ಕಾಲು ಗಂಟೆಯ ಊರುಗಳು. ಹಾಂಗ್‌ಕಾಂಗ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 24 ನಿಮಿಷದಲ್ಲಿ ಊರ ನಡುವಿಗೆ ಒಯ್ಯುತ್ತದೆ. ಕೌಲಾಲಂಪುರದ ವಿಮಾನ ನಿಲ್ದಾಣ ಊರಿನಿಂದ 50 ಕಿಲೋಮೀಟರಿಗೂ ದೂರ, ಆದರೆ ಎಕ್ಸ್‌ಪ್ರೆಸ್ ರೈಲು 28 ನಿಮಿಷದಲ್ಲಿ ಮುಟ್ಟಿಸುತ್ತದೆ. ಟ್ಯಾಕ್ಸಿ ಹಿಡಿದರೆ ರಸ್ತೆಯಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ಯಾರೂ ಮಾತು ಕೊಡಲಾರರು.

ವೇಗ ನೋಡಿ ಮರುಳಾಗಬಾರದ ಕಡೆಗಳೂ ಇವೆ. ಶಾಂಘೈನ ಪುಡೋಂಗ್‌ನಿಂದ ಹೊರಡುವ ಮ್ಯಾಗ್ಲೆವ್ ರೈಲು 30 ಕಿಲೋಮೀಟರನ್ನು ಸುಮಾರು 8 ನಿಮಿಷದಲ್ಲಿ ಓಡಿಬಿಡುತ್ತದೆ. ಆದರೆ ಅದು ಇಳಿಸುವುದು ಊರಿನ ಅಂಚಿನ ಲಾಂಗ್‌ಯಾಂಗ್ ರೋಡ್ ನಿಲ್ದಾಣದಲ್ಲಿ. ಅಲ್ಲಿಂದ ಮೆಟ್ರೊ ಹಿಡಿದು ಮತ್ತೆ ಸಾಗಬೇಕು. ರೈಲಿನ ಸಮಯ ಹೇಳುವ ಜಾಹೀರಾತಿಗೆ, ಅದು ಎಲ್ಲಿಗೆ ಬಿಡುತ್ತದೆ ಎನ್ನುವುದನ್ನೂ ಸೇರಿಸಿ ಓದಬೇಕು.

ಊರು ದೂರ ಇದೆ, ಆದರೂ ಹೊರಗೆ ಹೋಗುವ ಆಸೆ. ಏನು ಮಾಡಲಿ?

ರಾಜಧಾನಿಯ ಕಡೆ ನೋಡುವುದನ್ನು ಬಿಟ್ಟು ವಿಮಾನ ನಿಲ್ದಾಣದ ಸುತ್ತ ನಕ್ಷೆ ಬಿಡಿಸಿ. ಈ ಇಡೀ ಪುಟದಲ್ಲಿ ನನಗೆ ತುಂಬ ಇಷ್ಟವಾದ ಸಲಹೆ ಇದೇ. ದೊಡ್ಡ ವಿಮಾನ ನಿಲ್ದಾಣಗಳನ್ನು ಊರಾಚೆ ಕಟ್ಟುತ್ತಾರೆ, ಅಂದರೆ ಯಾವುದೋ ಹಳೆಯ ಸಣ್ಣ ಊರಿನ ಪಕ್ಕ ಕಟ್ಟಿರುತ್ತಾರೆ. ಟೋಕಿಯೋದ ನರಿಟಾ ನಿಲ್ದಾಣ ನಗರದಿಂದ 60 ಕಿಲೋಮೀಟರ್ ಆಚೆ ಇದೆ, ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಆದರೆ ನರಿಟಾ ಅನ್ನುವ ಊರು ರೈಲಿನಲ್ಲಿ ಹತ್ತು ನಿಮಿಷ. ಅಲ್ಲಿನ ನರಿಟಾಸಾನ್ ಶಿನ್‌ಶೋಜಿ ಬೌದ್ಧ ದೇವಾಲಯ ಕ್ರಿ.ಶ. 940ರಲ್ಲಿ ಸ್ಥಾಪನೆಯಾದದ್ದು. ಆ ಊರಿನ ರೈಲು ನಿಲ್ದಾಣದಿಂದ ಹಳೆಯ ಬೀದಿಯಲ್ಲಿ ನಡೆದುಕೊಂಡೇ ಹೋಗಬಹುದು, ಹಿಂದೆ ದೊಡ್ಡ ತೋಟವೂ ಇದೆ.

ಮ್ಯೂನಿಕ್‌ನಲ್ಲೂ ಇದೇ ಕಥೆ. ಊರ ನಡುವಿಗೆ ರೈಲಿನಲ್ಲಿ ಸುಮಾರು 40 ನಿಮಿಷ, ಆದರೆ ಫ್ರೈಸಿಂಗ್ ಎಂಬ ಪುರಾತನ ಪಟ್ಟಣಕ್ಕೆ ಬಸ್ಸಿನಲ್ಲಿ ಅದರ ಅರ್ಧ. ಐಸ್‌ಲ್ಯಾಂಡ್‌ನ ಕೆಫ್ಲಾವಿಕ್‌ನಲ್ಲಿ ಇಳಿದವರಿಗೆ ರಾಜಧಾನಿ ರೇಕ್ಯಾವಿಕ್ 50 ಕಿಲೋಮೀಟರ್, ಬ್ಲೂ ಲಗೂನ್ ಬಿಸಿನೀರಿನ ಕೊಳ ಇಪ್ಪತ್ತೇ ನಿಮಿಷ. ಅಲ್ಲಿಗೆ ಮುಂಚೆಯೇ ಬುಕ್ ಮಾಡಿಕೊಂಡಿರಬೇಕು, ಜ್ವಾಲಾಮುಖಿ ಚಟುವಟಿಕೆಯಿಂದಾಗಿ 2023ರ ಕೊನೆಯಿಂದ ಅದನ್ನು ಹಲವು ಸಲ ಮುಚ್ಚಿದ್ದೂ ಇದೆ. ಹೊರಡುವ ದಿನ ತೆರೆದಿದೆಯೇ ಎಂದು ನೋಡಿಕೊಳ್ಳಿ.

ವಿಮಾನ ನಿಲ್ದಾಣದಿಂದ ಹೊರಗೆ ಹೋಗಲು ವೀಸಾ ಬೇಕೇ?

ಹೊರಗೆ ಕಾಲಿಟ್ಟರೆ ಆ ದೇಶವನ್ನು ಪ್ರವೇಶಿಸಿದಂತೆ. ಎರಡು ಗಂಟೆಯಾದರೂ ಅಷ್ಟೇ, ಎರಡು ವಾರವಾದರೂ ಅಷ್ಟೇ. ಬೇಕೋ ಬೇಡವೋ ಎನ್ನುವುದು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ನಿಂತಿದೆ. ಜೊತೆಗಿರುವ ಸ್ನೇಹಿತರಿಗೆ ಬೇಡವಾಗಿದ್ದು ನಿಮಗೆ ಬೇಕಾಗಬಹುದು.

ಟ್ರಾನ್ಸಿಟ್ ಪ್ರಯಾಣಿಕರಿಗೆಂದೇ ಸಡಿಲ ನಿಯಮ ಮಾಡಿರುವ ದೇಶಗಳಿವೆ. ಯುಎಇ 48 ಗಂಟೆಯ ಮತ್ತು 96 ಗಂಟೆಯ ಟ್ರಾನ್ಸಿಟ್ ವೀಸಾ ಕೊಡುತ್ತದೆ, ಅದನ್ನು ಮುಂಚೆಯೇ ಮಾಡಿಸಿಕೊಳ್ಳಬೇಕು. ಸಿಂಗಾಪುರ ಕೆಲವು ದೇಶಗಳ ಪ್ರಜೆಗಳಿಗೆ, ಅವರ ಬಳಿ ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದರೆ, 96 ಗಂಟೆವರೆಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತದೆ. ಚೀನಾ 2024ರ ಡಿಸೆಂಬರ್‌ನಿಂದ ಪಟ್ಟಿಯಲ್ಲಿರುವ ದೇಶಗಳವರಿಗೆ ವೀಸಾ ಇಲ್ಲದ ಟ್ರಾನ್ಸಿಟ್ ಅವಧಿಯನ್ನು 240 ಗಂಟೆಗೆ ಏರಿಸಿತು. ಇಲ್ಲಿ ಒಂದು ಕಿರಿಕ್ ಇದೆ: ನೀವು ಮೂರನೆಯ ದೇಶಕ್ಕೆ ಹೋಗುತ್ತಿರಬೇಕು. ಬಂದ ದೇಶಕ್ಕೇ ಮರಳುವುದಾದರೆ ಅದು ಟ್ರಾನ್ಸಿಟ್ ಅನ್ನಿಸಿಕೊಳ್ಳುವುದಿಲ್ಲ.

ಅರ್ಹತೆ ಇದ್ದರೂ ಕೊನೆಯ ಮಾತು ಕೌಂಟರಿನಲ್ಲಿ ಕೂತ ಅಧಿಕಾರಿಯದ್ದು. ಮುಂದಿನ ವಿಮಾನದ ಬೋರ್ಡಿಂಗ್ ಪಾಸ್ ಕೈಯಲ್ಲೇ ಹಿಡಿದಿರಿ. ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳಿದರೆ ಗಂಟೆ ಲೆಕ್ಕದಲ್ಲಿ ಉತ್ತರ ಕೊಡಿ.

ನಾನು ಹೊರಗೆ ಹೋಗುವುದೇ ಇಲ್ಲ, ಒಳಗೇ ಕೂತಿರುತ್ತೇನೆ. ಆಗಲೂ ವೀಸಾ ಬೇಕಾಗುತ್ತದೆಯೇ?

ಹಲವು ಕಡೆ ಬೇಕು. ಇದು ಗೊತ್ತಿಲ್ಲದೆ ಚೆಕ್-ಇನ್ ಕೌಂಟರಿನಿಂದಲೇ ವಾಪಸಾದವರಿದ್ದಾರೆ.

ಅಮೆರಿಕದಲ್ಲಿ ಇಮಿಗ್ರೇಷನ್ ಮುಟ್ಟದೆ ಅಂತರರಾಷ್ಟ್ರೀಯ ವಿಮಾನ ಬದಲಿಸುವ ವ್ಯವಸ್ಥೆಯೇ ಇಲ್ಲ. ಅಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಅಥವಾ (ವೀಸಾ ಬೇಡದ ದೇಶಗಳವರು ಆನ್‌ಲೈನ್‌ನಲ್ಲಿ ಪಡೆಯುವ) ಇಎಸ್‌ಟಿಎ ಅನುಮತಿ ಬೇಕು. ವೀಸಾ ಇಲ್ಲದೆ ಟ್ರಾನ್ಸಿಟ್ ಮಾಡುವ ಹಳೆಯ ಸೌಲಭ್ಯವನ್ನು 2003ರಲ್ಲೇ ನಿಲ್ಲಿಸಿದರು. ಬ್ರಿಟನ್ನಿನಲ್ಲಿ ಕೆಲವು ದೇಶಗಳವರು ಒಳಗೇ ಇದ್ದರೂ ಏರ್‌ಸೈಡ್ ಟ್ರಾನ್ಸಿಟ್ ವೀಸಾ ತೆಗೆದುಕೊಂಡಿರಬೇಕು. ತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿರುವ ಯುರೋಪಿನ ಶೆಂಗೆನ್ ದೇಶಗಳಲ್ಲೂ ಕೆಲವರಿಗೆ ಇಂಥದ್ದೇ ಎ ಮಾದರಿಯ ವೀಸಾ ಬೇಕು, ಯಾರಿಗೆ ಎಂಬ ಪಟ್ಟಿ ದೇಶದಿಂದ ದೇಶಕ್ಕೆ ಸ್ವಲ್ಪ ಬೇರೆಯಾಗುತ್ತದೆ.

ಶೆಂಗೆನ್‌ನ ಇನ್ನೊಂದು ಸೂಕ್ಷ್ಮ: ಆ 29 ದೇಶಗಳ ನಡುವಿನ ವಿಮಾನ ಒಳನಾಡಿನದ್ದಿದ್ದಂತೆ. ಇಸ್ತಾಂಬುಲ್‌ನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮ್‌ಗೆ ಹೋಗುವವರ ಇಮಿಗ್ರೇಷನ್ ಫ್ರಾಂಕ್‌ಫರ್ಟ್‌ನಲ್ಲೇ ಮುಗಿಯುತ್ತದೆ. ಹಾಗಾಗಿ ಒಂದೂವರೆ ಗಂಟೆಯ ಕನೆಕ್ಷನ್ ಅಲ್ಲಿ ಬಿಗಿ. ಆದರೆ ಲೇಓವರ್ ಉದ್ದವಿದ್ದರೆ ಇದೇ ಅನುಕೂಲ: ಇಮಿಗ್ರೇಷನ್ ಹೇಗೂ ಆಗಿರುತ್ತದೆ, ಹೊರಗೆ ಹೋಗಿ ಬಂದರೆ ಸೆಕ್ಯುರಿಟಿ ಮಾತ್ರ ಬಾಕಿ.

ಚೆಕ್-ಇನ್ ಮಾಡಿದ ಲಗೇಜು ಎಲ್ಲಿರುತ್ತದೆ?

ಒಂದೇ ಬುಕಿಂಗ್ ಆಗಿದ್ದರೆ ಬಹುತೇಕ ಅದು ತಾನಾಗಿಯೇ ಮುಂದಿನ ವಿಮಾನಕ್ಕೆ ಹೋಗುತ್ತದೆ. ಊಹೆ ಬೇಡ, ಕೌಂಟರಿನಲ್ಲಿ ಕಟ್ಟುವ ಟ್ಯಾಗ್ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಮೂರಕ್ಷರದ ಸಂಕೇತ ನೋಡಿ. ಅದು ನಿಮ್ಮ ಕೊನೆಯ ಊರಿನದ್ದಾಗಿದ್ದರೆ ನಿಶ್ಚಿಂತೆ. ನಡುವಿನ ಊರಿನದ್ದಾಗಿದ್ದರೆ ಅಲ್ಲೇ ಕೇಳಿ, ಬೆಲ್ಟ್ ಮೇಲೆ ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ.

ಅಮೆರಿಕ ಇಲ್ಲೂ ಬೇರೆ. ಅಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ಸಾಮಾನ್ಯವಾಗಿ ಲಗೇಜು ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಬೆಲ್ಟಿಗೆ ಹಾಕಬೇಕು. ಒಂದೇ ಟಿಕೆಟ್ ಆದರೂ ಇದು ತಪ್ಪುವುದಿಲ್ಲ.

ಏನೇ ಆಗಲಿ, ಲೇಓವರ್‌ನಲ್ಲಿ ಬೇಕಾಗುವುದು ಕೈಚೀಲದಲ್ಲೇ ಇರಲಿ: ಔಷಧಿ, ಚಾರ್ಜರ್, ಒಂದು ಜೊತೆ ಬಟ್ಟೆ, ಆ ಊರಿನ ಹವೆಗೆ ತಕ್ಕ ಒಂದು ಮೇಲುಡುಪು. ಕಡಲತೀರದ ಊರಿಂದ ಹೊರಟು ನಡುವೆ ಹಿಮ ಬೀಳುವ ಊರಲ್ಲಿ ಇಳಿದು, ಸ್ವೆಟರ್ ಲಗೇಜಿನಲ್ಲಿದೆ ಎಂದು ನೆನಪಾಗುವುದು ಬೇಡ.

ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದೇನೆ. ತೊಂದರೆಯೇ?

ತೊಂದರೆ ಬರುವವರೆಗೆ ತೊಂದರೆಯಿಲ್ಲ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಎರಡನೆಯ ಸಂಸ್ಥೆಯ ಕಣ್ಣಿಗೆ ನೀವು ಬಾರದೇ ಹೋದ ಪ್ರಯಾಣಿಕ, ಅಷ್ಟೇ. ಲಗೇಜನ್ನೂ ಹೆಚ್ಚಿನ ಕಡೆ ನೀವೇ ಎತ್ತಿಕೊಂಡು ಹೋಗಿ ಮತ್ತೆ ಚೆಕ್-ಇನ್ ಮಾಡಬೇಕು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು, ಚೆಕ್-ಇನ್ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚಬಹುದು. ಇಂಥ ಟಿಕೆಟ್ ಇದ್ದವರು ಊರು ಸುತ್ತುವ ಯೋಚನೆ ಮಾಡಬೇಕಾದ್ದು ಲೇಓವರ್ ಹತ್ತು ಗಂಟೆ ದಾಟಿದರೆ ಮಾತ್ರ.

ಎರಡನೆಯ ವಿಮಾನ ಬೇರೆ ವಿಮಾನ ನಿಲ್ದಾಣದಿಂದ ಅಂತ ಈಗ ಗೊತ್ತಾಯಿತು!

ಟೋಕಿಯೋದಲ್ಲಿ ನರಿಟಾ ಮತ್ತು ಹನೇಡಾ, ಇಸ್ತಾಂಬುಲ್‌ನಲ್ಲಿ ಯುರೋಪ್ ದಂಡೆಯಲ್ಲೊಂದು, ಏಷ್ಯಾ ದಂಡೆಯಲ್ಲಿ ಸಬೀಹಾ ಗೋಕ್ಚೆನ್, ಲಂಡನ್‌ನಲ್ಲಿ ಹೀಥ್ರೂ ಮತ್ತು ಗ್ಯಾಟ್‌ವಿಕ್, ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಡಿ ಗಾಲ್ ಮತ್ತು ಓರ್ಲಿ. ಟಿಕೆಟ್‌ನಲ್ಲಿ ಊರಿನ ಹೆಸರು ಒಂದೇ ಇರುತ್ತದೆ, ಮೂರಕ್ಷರದ ಸಂಕೇತ ಮಾತ್ರ ಬೇರೆ. ಹೀಗಿದ್ದರೆ ನಿಮ್ಮ ಲೇಓವರ್ ಒಂದು ಸ್ಥಳಾಂತರದ ಕೆಲಸವಾಯಿತು. ಮೊದಲು ಎರಡನೆಯ ನಿಲ್ದಾಣ ತಲುಪಿ, ಹೊತ್ತು ಉಳಿದರೆ ಅಲ್ಲಿಂದ ಸುತ್ತಾಟ.

ಉಚಿತ ಟೂರ್ ಇರುತ್ತದಂತೆ, ನಿಜವೇ?

ನಿಜ. ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣ, ಐದೂವರೆ ಗಂಟೆಯಿಂದ 24 ಗಂಟೆಯೊಳಗೆ ಲೇಓವರ್ ಇರುವವರಿಗೆ ಮಾರ್ಗದರ್ಶಿಯ ಜೊತೆ ಉಚಿತ ನಗರ ಪ್ರವಾಸ ಏರ್ಪಡಿಸುತ್ತದೆ. ಟರ್ಕಿಶ್ ಏರ್‌ಲೈನ್ಸ್ ತನ್ನ ಅಂತರರಾಷ್ಟ್ರೀಯ ಪ್ರಯಾಣಿಕರಿಗೆ, ಇಸ್ತಾಂಬುಲ್‌ನಲ್ಲಿ 6ರಿಂದ 24 ಗಂಟೆ ಇರುವುದಾದರೆ, ಟೂರ್‌ಇಸ್ತಾಂಬುಲ್ ಹೆಸರಿನಲ್ಲಿ ಇಂಥದ್ದೇ ಪ್ರವಾಸ ನಡೆಸುತ್ತದೆ. ಸಿಯೋಲ್‌ನ ಇಂಚೆಯಾನ್‌ನಲ್ಲೂ ಟ್ರಾನ್ಸಿಟ್ ಪ್ರವಾಸಗಳಿವೆ. ಟೂರ್ ಉಚಿತ ಎಂದ ಮಾತ್ರಕ್ಕೆ ವೀಸಾ ಮಾಫಿ ಆಗುವುದಿಲ್ಲ. ಪ್ರವೇಶದ ಅರ್ಹತೆ ನಿಮ್ಮದೇ ಜವಾಬ್ದಾರಿ.

ಗುಂಪಿನ ಜೊತೆ ಬಸ್ಸಿನಲ್ಲಿ ಸುತ್ತುವುದು ನನಗೆ ಅಷ್ಟಾಗಿ ಒಗ್ಗುವುದಿಲ್ಲ. ಆದರೂ ಮೊದಲ ಸಲ ಲೇಓವರ್‌ನಲ್ಲಿ ಹೊರಗೆ ಹೋಗುವವರಿಗೆ ನಾನು ಇದನ್ನೇ ಹೇಳುವುದು. ಗಡಿಯಾರ ನೋಡುವ ಕೆಲಸವನ್ನು ಬೇರೆಯವರು ಮಾಡುತ್ತಾರೆ, ಅದು ಸಣ್ಣ ನೆಮ್ಮದಿಯಲ್ಲ.

ಮೂರು ಗಂಟೆಯಲ್ಲಿ ಏನೇನು ನೋಡಬಹುದು?

ಒಂದನ್ನು. ಪಟ್ಟಿ ಮಾಡಬೇಡಿ.

ಒಮ್ಮೆ ಒಂಬತ್ತು ಗಂಟೆಯ ಲೇಓವರ್‌ನಲ್ಲಿ ನಾನು ನಾಲ್ಕು ಜಾಗಗಳ ಪಟ್ಟಿ ಹಿಡಿದು ಹೊರಟೆ. ಮೊದಲನೆಯದರ ಮುಂದೆ ಕ್ಯೂ, ಎರಡನೆಯದಕ್ಕೆ ಆ ದಿನ ರಜೆ, ಮೂರನೆಯದನ್ನು ಟ್ಯಾಕ್ಸಿ ಕಿಟಕಿಯಿಂದ ನೋಡಿದೆ, ನಾಲ್ಕನೆಯದರ ಹೊತ್ತಿಗೆ ವಾಪಸು ಓಡುತ್ತಿದ್ದೆ. ಆ ಊರಿನ ಬಗ್ಗೆ ಇವತ್ತು ಯಾರಾದರೂ ಕೇಳಿದರೆ ಟ್ರಾಫಿಕ್ ಸಿಗ್ನಲ್‌ಗಳನ್ನು ಮಾತ್ರ ವರ್ಣಿಸಬಲ್ಲೆ. ಮುಂದಿನ ಸಲ, ಬೇರೊಂದು ಊರಿನಲ್ಲಿ, ನದಿ ದಂಡೆಯ ಒಂದೇ ರಸ್ತೆಯಲ್ಲಿ ಎರಡು ಗಂಟೆ ನಡೆದೆ. ಆ ನೀರಿನ ಬಣ್ಣ ಈಗಲೂ ನೆನಪಿದೆ.

ಆರಿಸುವಾಗ ಟಿಕೆಟ್, ಕ್ಯೂ, ಮುಚ್ಚುವ ವೇಳೆ ಯಾವುದೂ ಇಲ್ಲದ ಬಯಲು ಜಾಗಗಳನ್ನು ಹುಡುಕಿ: ಹಳೆಯ ಪೇಟೆ, ನದಿ ದಂಡೆ, ಸಂತೆ, ಉದ್ಯಾನ. ಒಳಗೆ ಹೋಗಿ ನೋಡುವ ಮ್ಯೂಸಿಯಂ ಬೇಕೇ ಬೇಕೆಂದರೆ ವಾರದ ರಜೆ ಯಾವತ್ತು ನೋಡಿಕೊಳ್ಳಿ. ಯುರೋಪಿನಲ್ಲಿ ಅನೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ, ಪ್ಯಾರಿಸ್‌ನ ಲೂವ್ರ್‌ಗೆ ಮಂಗಳವಾರ. ವಿಮಾನ ನಿಲ್ದಾಣದ ರೈಲು ನಿಲ್ಲುವ ಸ್ಟೇಷನ್ನಿನಿಂದ ನಡೆದು ಮುಟ್ಟುವಂತಿರಲಿ. ಎರಡನೆಯ ವಾಹನ ಹತ್ತಬೇಕಾದ ಜಾಗವನ್ನು ಪಟ್ಟಿಯಿಂದ ಹೊಡೆದುಹಾಕಿ.

ಕೈಚೀಲ ಹೊತ್ತುಕೊಂಡು ಹೇಗೆ ಸುತ್ತುವುದು?

ಸುತ್ತಬೇಡಿ. ದೊಡ್ಡ ನಿಲ್ದಾಣಗಳಲ್ಲಿ ಲಗೇಜು ಇಟ್ಟುಕೊಳ್ಳುವ ಕೌಂಟರ್ ಅಥವಾ ಲಾಕರ್ ಇರುತ್ತದೆ. ಅಮೆರಿಕದಲ್ಲಿ ಮಾತ್ರ ಇದು ಅಪರೂಪ. ಕೌಂಟರ್ ಯಾವ ಟರ್ಮಿನಲ್ಲಿನಲ್ಲಿದೆ, ಎಷ್ಟು ಗಂಟೆಗೆ ಮುಚ್ಚುತ್ತದೆ ನೋಡಿ. ಪಾಸ್‌ಪೋರ್ಟ್, ಹಣ, ಔಷಧಿ, ಫೋನ್ ಮೈಮೇಲೇ ಇರಲಿ.

ಇಂಟರ್ನೆಟ್ ಮತ್ತು ಹಣಕ್ಕೆ ಏನು ಮಾಡುವುದು?

ವಿಮಾನ ಹತ್ತುವ ಮುಂಚೆಯೇ ಆ ಊರಿನ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ, ನೀವೆಲ್ಲಿದ್ದೀರಿ ಎಂದು ನಕ್ಷೆ ತೋರಿಸುತ್ತದೆ. ವಿಮಾನ ನಿಲ್ದಾಣಕ್ಕೆ ವಾಪಸು ಬರುವ ರೈಲಿನ ಹೆಸರು, ಟರ್ಮಿನಲ್ ಸಂಖ್ಯೆ ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಲ್ದಾಣದ ವೈಫೈಗೆ ಕೆಲವು ಕಡೆ ಫೋನಿಗೆ ಓಟಿಪಿ ಬರಬೇಕು. ರೋಮಿಂಗ್ ಇಲ್ಲದ ಫೋನಿಗೆ ಅದು ಬರುವುದಿಲ್ಲ, ಆಗ ಮಾಹಿತಿ ಕೌಂಟರಿನಲ್ಲಿ ಕೇಳಿ.

ಅರ್ಧ ದಿನಕ್ಕೆ ಹಣ ಬದಲಿಸುವುದು ದಂಡ, ಕಾರ್ಡ್ ಸಾಕು. ಕಾರ್ಡ್ ಯಂತ್ರ ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ, ಇಲ್ಲಿನ ಹಣದಲ್ಲಾ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ನಿಮ್ಮ ದೇಶದ ಹಣ ಒತ್ತಿದರೆ ಅವರು ಹೇಳಿದ್ದೇ ವಿನಿಮಯ ದರ, ಅದು ಸಾಮಾನ್ಯವಾಗಿ ನಿಮಗೆ ನಷ್ಟದ್ದು.

ಹೊರಗೆ ಹೋಗಲು ಆಗುತ್ತಿಲ್ಲ. ಒಳಗೆ ಹೊತ್ತು ಕಳೆಯುವುದು ಹೇಗೆ?

ಇದಕ್ಕೆ ಬೇಸರಪಡಬೇಕಾದ್ದಿಲ್ಲ, ಕೆಲವು ನಿಲ್ದಾಣಗಳು ಊರಿನಷ್ಟೇ ನೋಡುವಂತಿವೆ. ಸ್ಕಿಪೋಲ್‌ನಲ್ಲಿ 2002ರಿಂದ ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನ ಪುಟ್ಟ ಶಾಖೆ ಇದೆ, ಅಸಲಿ ಡಚ್ ಚಿತ್ರಗಳನ್ನು ಅಲ್ಲಿ ತೂಗುಹಾಕುತ್ತಾರೆ. ಗ್ರಂಥಾಲಯವೂ ಇದೆ. ದೋಹಾದ ಹಮದ್ ನಿಲ್ದಾಣದಲ್ಲಿ ಕಲಾವಿದ ಉರ್ಸ್ ಫಿಶರ್ ಮಾಡಿದ, ತಲೆಗೆ ದೀಪ ಸಿಕ್ಕಿಸಿಕೊಂಡ ದೈತ್ಯ ಹಳದಿ ಕರಡಿ ಕೂತಿದೆ, ಜೊತೆಗೆ ಗಾಜಿನ ಚಾವಣಿಯ ಕೆಳಗೆ ಮರಗಳ ತೋಟ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ್ದೇ ಸ್ವಂತ ಮ್ಯೂಸಿಯಂ ಇದೆ, 2012ರಿಂದ ಯೋಗದ ಕೋಣೆಯೂ ಇದೆ. ಚಾಂಗಿಯ ಮೂರನೇ ಟರ್ಮಿನಲ್ಲಿನಲ್ಲಿ ಚಿಟ್ಟೆಗಳ ತೋಟ.

ಚಾಂಗಿಯ ಬಗ್ಗೆ ಒಂದು ಎಚ್ಚರಿಕೆ. ಎಲ್ಲರೂ ಫೋಟೊ ಹಾಕುವ ಆ 40 ಮೀಟರ್ ಎತ್ತರದ ಒಳಾಂಗಣ ಜಲಪಾತ ಇರುವುದು 2019ರಲ್ಲಿ ತೆರೆದ ಜ್ಯುವೆಲ್ ಕಟ್ಟಡದಲ್ಲಿ. ಅದು ಇಮಿಗ್ರೇಷನ್ನಿನ ಆಚೆ ಇದೆ. ಪ್ರವೇಶದ ಅನುಮತಿ ಇಲ್ಲದವರು ಟರ್ಮಿನಲ್‌ಗಳ ನಡುವೆ ಓಡಾಡುವ ಸ್ಕೈಟ್ರೈನ್‌ನಲ್ಲಿ ಕೂತರೆ ಕಿಟಕಿಯಿಂದ ಒಂದು ಕ್ಷಣ ಕಾಣುತ್ತದೆ. ಅಷ್ಟಕ್ಕೆ ತೃಪ್ತಿಪಡಬೇಕು.

ನಿದ್ದೆ ಮಾಡಬೇಕು. ಎಲ್ಲಿ?

ರಾತ್ರಿ ಇಡೀ ಇರಬೇಕಾದರೆ ಮೊದಲು ನಿಲ್ದಾಣ ರಾತ್ರಿ ತೆರೆದಿರುತ್ತದೆಯೇ ನೋಡಿ. ಸಣ್ಣ ನಿಲ್ದಾಣಗಳು ಮುಚ್ಚುತ್ತವೆ, ಪ್ರಯಾಣಿಕರನ್ನು ಹೊರಗೆ ಕಳಿಸುತ್ತವೆ. ದೊಡ್ಡ ನಿಲ್ದಾಣಗಳ ಒಳಗೇ ಗಂಟೆ ಲೆಕ್ಕದಲ್ಲಿ ಸಿಗುವ ಹೋಟೆಲ್ ಕೋಣೆಗಳಿವೆ. ಬುಕ್ ಮಾಡುವಾಗ ಕೋಣೆ ಇಮಿಗ್ರೇಷನ್ನಿನ ಈ ಕಡೆಯೋ ಆ ಕಡೆಯೋ ಎಂದು ಎರಡೆರಡು ಸಲ ಓದಿ. ವೀಸಾ ಇಲ್ಲದವರು ಆಚೆ ಬದಿಯ ಕೋಣೆ ಬುಕ್ ಮಾಡಿ ದುಡ್ಡು ಕಳೆದುಕೊಳ್ಳುವುದು ಸಾಮಾನ್ಯ. ಕೆಲವು ವಿಮಾನ ಸಂಸ್ಥೆಗಳು ಉದ್ದದ ಲೇಓವರ್‌ಗೆ ತಾವೇ ಹೋಟೆಲ್ ಕೊಡುತ್ತವೆ, ಆದರೆ ಕೇಳದವರಿಗೆ ಹೇಳುವುದಿಲ್ಲ.

ಕುರ್ಚಿಯ ಮೇಲೆ ಮಲಗುವವರು ಅಲಾರಂ ಎರಡು ಇಡಿ. ಹೆಲ್ಸಿಂಕಿಯಂಥ ಹಲವು ನಿಲ್ದಾಣಗಳು ಈಗ ಸದ್ದು ಕಡಿಮೆ ಮಾಡಲು ಮೈಕಿನಲ್ಲಿ ಎಲ್ಲಾ ವಿಮಾನಗಳನ್ನು ಕೂಗುವುದನ್ನು ಬಿಟ್ಟಿವೆ. ನಿಮ್ಮ ಹೆಸರು ಕರೆದು ಎಬ್ಬಿಸುತ್ತಾರೆಂಬ ನಂಬಿಕೆ ಬೇಡ. ಫೋನ್ ಗಡಿಯಾರ ಅಲ್ಲಿನ ಸಮಯಕ್ಕೆ ಹೊಂದಿಕೊಂಡಿದೆಯೇ ನೋಡಿ, ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಹಳೆಯ ಊರಿನ ಸಮಯವೇ ಓಡುತ್ತಿರುತ್ತದೆ. ಬೋರ್ಡಿಂಗ್ ಪಾಸ್‌ನಲ್ಲಿರುವುದು ಯಾವಾಗಲೂ ಅಲ್ಲಿನ ಸ್ಥಳೀಯ ಸಮಯ.

ಲೌಂಜ್‌ಗೆ ಹೋಗುವುದು ಒಳ್ಳೆಯದೇ?

ಸ್ನಾನ ಮಾಡುವ ಸೌಲಭ್ಯ ಇದ್ದರೆ ಹೌದು. ಎರಡು ದೀರ್ಘ ವಿಮಾನಗಳ ನಡುವೆ ಬಿಸಿನೀರಿನ ಸ್ನಾನ ಮಾಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಅನೇಕ ಲೌಂಜ್‌ಗಳು ವಿಮಾನ ಹೊರಡುವ ಮುಂಚಿನ ಮೂರು ಗಂಟೆಗೆ ಮಾತ್ರ ಒಳಗೆ ಬಿಡುತ್ತವೆ. ಹತ್ತು ಗಂಟೆ ಅಲ್ಲೇ ಕೂರುವ ಯೋಜನೆ ಬೇಡ.

ವಯಸ್ಸಾದವರು, ಮಕ್ಕಳು ಜೊತೆಗಿದ್ದಾರೆ.

ಹಾಗಾದರೆ ಊರು ಸುತ್ತುವ ಆಸೆಯನ್ನು ಅರ್ಧಕ್ಕೆ ಇಳಿಸಿ. ನಡೆಯಲು ಕಷ್ಟಪಡುವವರಿಗೆ ವೀಲ್‌ಚೇರ್ ಸಹಾಯವನ್ನು ಕನಿಷ್ಠ 48 ಗಂಟೆ ಮುಂಚೆ ವಿಮಾನ ಸಂಸ್ಥೆಗೆ ತಿಳಿಸಿ. ಅದಕ್ಕೆ ಸಂಕೋಚ ಬೇಡ, ಕೆಲವು ನಿಲ್ದಾಣಗಳಲ್ಲಿ ಗೇಟಿನಿಂದ ಗೇಟಿಗೆ ಕಿಲೋಮೀಟರ್ ಮೀರಿ ನಡೆಯಬೇಕು. ಮಕ್ಕಳಿಗೆ ಆಟದ ಜಾಗ ಎಲ್ಲಿದೆ ಎಂದು ನಿಲ್ದಾಣದ ನಕ್ಷೆಯಲ್ಲಿ ಮೊದಲೇ ಗುರುತಿಸಿ. ಎರಡನೆಯ ವಿಮಾನದಲ್ಲಿ ಅವರು ಮಲಗಬೇಕಾದರೆ ಲೇಓವರ್‌ನಲ್ಲಿ ಓಡಿಸಿ ದಣಿಸಬೇಕು.

ನಡುವೆ ಕೊಂಡ ವಸ್ತುಗಳನ್ನು ಮುಂದಿನ ವಿಮಾನಕ್ಕೆ ಒಯ್ಯಬಹುದೇ?

ದ್ರವ ಇದ್ದರೆ ಹುಷಾರು. 2006ರಲ್ಲಿ ಅಟ್ಲಾಂಟಿಕ್ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉಡಾಯಿಸುವ ಸಂಚು ಬಯಲಾದ ಮೇಲೆ ಬಂದ 100 ಮಿಲಿಲೀಟರ್ ಮಿತಿ ಬಹುತೇಕ ಕಡೆ ಇನ್ನೂ ಇದೆ. ಡ್ಯೂಟಿ ಫ್ರೀ ಬಾಟಲಿಯನ್ನು ಅಂಗಡಿಯವರು ಮೊಹರು ಮಾಡಿದ ಪಾರದರ್ಶಕ ಚೀಲದಲ್ಲಿ, ರಸೀದಿ ಕಾಣುವಂತೆ ಕೊಡುತ್ತಾರೆ. ಕೊನೆಯ ಊರು ಮುಟ್ಟುವವರೆಗೆ ಅದನ್ನು ಬಿಚ್ಚಬೇಡಿ. ಊರು ಸುತ್ತಲು ಹೊರಗೆ ಹೋಗುವುದಾದರೆ ಕೊಳ್ಳುವುದನ್ನು ವಾಪಸು ಒಳಗೆ ಬಂದ ಮೇಲೆ ಇಟ್ಟುಕೊಳ್ಳಿ.

ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಮಿತಿ 100 ವ್ಯಾಟ್-ಗಂಟೆ. 20,000 ಎಂಎಎಚ್ ಎಂದು ಬರೆದಿರುವುದನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ, ಅದು ಮಿತಿಯೊಳಗೇ. ಬರಹ ಅಳಿಸಿಹೋದ ಪವರ್ ಬ್ಯಾಂಕನ್ನು ಕೆಲವು ಕಡೆ ಕಸಿದುಕೊಳ್ಳುತ್ತಾರೆ.

ಮೊದಲ ವಿಮಾನವೇ ತಡ. ಎಂಟು ಗಂಟೆಯ ಲೇಓವರ್ ಮೂರಕ್ಕೆ ಇಳಿಯಿತು.

ಊರಿನ ಯೋಜನೆ ಕೈಬಿಡಿ, ಎರಡನೇ ಯೋಚನೆ ಬೇಡ. ಕನೆಕ್ಷನ್ನೇ ತಪ್ಪುವಂತಿದ್ದರೆ ಇಳಿದ ಕೂಡಲೇ ಟ್ರಾನ್ಸ್‌ಫರ್ ಕೌಂಟರಿನ ಕ್ಯೂನಲ್ಲಿ ನಿಂತು, ನಿಂತಲ್ಲಿಂದಲೇ ಆ್ಯಪ್ ತೆರೆಯಿರಿ ಅಥವಾ ಫೋನ್ ಮಾಡಿ. ಯಾವುದು ಮೊದಲು ಕೆಲಸ ಮಾಡುತ್ತದೋ ಅದು. ಒಂದೇ ಬುಕಿಂಗ್ ಆಗಿದ್ದರೆ ಮುಂದಿನ ವಿಮಾನಕ್ಕೆ ಸೇರಿಸುವುದು ಸಂಸ್ಥೆಯ ಕೆಲಸ. ಯುರೋಪಿಯನ್ ಒಕ್ಕೂಟದ 261/2004 ನಿಯಮದಡಿ ಬರುವ ಪ್ರಯಾಣವಾದರೆ ಲೆಕ್ಕಕ್ಕೆ ಬರುವುದು ಕೊನೆಯ ಊರನ್ನು ಎಷ್ಟು ತಡವಾಗಿ ಮುಟ್ಟಿದಿರಿ ಎಂಬುದು. ನಡುವಿನ ವಿಮಾನ ಅರ್ಧ ಗಂಟೆಯಷ್ಟೇ ತಡವಾಗಿದ್ದರೂ, ಅದರಿಂದ ಕೊನೆಯಲ್ಲಿ 3 ಗಂಟೆ ಮೀರಿದರೆ ಪರಿಹಾರ ಕೇಳಬಹುದು ಎಂದು ಅಲ್ಲಿನ ನ್ಯಾಯಾಲಯ 2013ರಲ್ಲಿ ಹೇಳಿದೆ. ಹವಾಮಾನದಂಥ ಕಾರಣಕ್ಕೆ ಪರಿಹಾರ ಸಿಗದು. ಬೋರ್ಡಿಂಗ್ ಪಾಸ್ ಎಸೆಯಬೇಡಿ.

ಊರು ಸುತ್ತಿ ಬರುವಷ್ಟರಲ್ಲಿ ವಿಮಾನ ಹೋಗಿಬಿಟ್ಟರೆ?

ತಪ್ಪು ನಿಮ್ಮದು ಎಂದೇ ಲೆಕ್ಕ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ: ಒಂದು ಹಂತ ತಪ್ಪಿದರೆ ಅದೇ ಟಿಕೆಟ್ಟಿನ ಮುಂದಿನ ಹಂತಗಳೆಲ್ಲ, ವಾಪಸು ಬರುವ ವಿಮಾನವೂ ಸೇರಿ, ರದ್ದಾಗಬಹುದು. ತಪ್ಪುವುದು ಖಚಿತವೆಂದು ದಾರಿಯಲ್ಲೇ ಗೊತ್ತಾದರೆ ವಿಮಾನ ಹೊರಡುವ ಮುಂಚೆಯೇ ಸಂಸ್ಥೆಗೆ ಫೋನ್ ಮಾಡಿ. ಹೊರಟ ಮೇಲೆ ಮಾಡಿದ ಫೋನಿಗೂ ಮುಂಚೆ ಮಾಡಿದ ಫೋನಿಗೂ ತುಂಬ ವ್ಯತ್ಯಾಸವಿದೆ.

ದೇಹಕ್ಕೆ ಸುಸ್ತು. ಮಲಗಲೇ, ನಡೆಯಲೇ?

ಹಗಲಾಗಿದ್ದರೆ ನಡೆಯಿರಿ. ನಾಲ್ಕು ಗಂಟೆಗೂ ಮೀರಿ ಅಲುಗಾಡದೆ ಕೂತ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ದುಪ್ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಆಗಲೂ ಅದು ಸುಮಾರು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು, ಹಾಗಾಗಿ ಗಾಬರಿ ಬೇಡ, ಓಡಾಟ ಸಾಕು. ವಿಮಾನದೊಳಗಿನ ಗಾಳಿ ಮರುಭೂಮಿಯಷ್ಟು ಒಣದು, ಇಳಿದ ಕೂಡಲೇ ನೀರು ಕುಡಿಯಿರಿ. ಹಗಲು ಬೆಳಕು ಮೈಮೇಲೆ ಬಿದ್ದರೆ ದೇಹದ ಗಡಿಯಾರ ಹೊಸ ಸಮಯಕ್ಕೆ ಬೇಗ ಹೊಂದಿಕೊಳ್ಳುತ್ತದೆ. ಹೊರಗೆ ಹೋಗಲಾಗದಿದ್ದರೆ ಕಿಟಕಿ ಪಕ್ಕ ಕೂರಿ.

ನನಗಿರುವುದು ಒಂದೂವರೆ ಗಂಟೆ ಮಾತ್ರ. ಏನು ಮಾಡಲಿ?

ಗೇಟ್ ಎಲ್ಲಿದೆ ನೋಡಿಕೊಂಡು ಬನ್ನಿ. ಬಾಟಲಿಗೆ ನೀರು ತುಂಬಿಸಿ, ಫೋನ್ ಚಾರ್ಜಿಗೆ ಹಾಕಿ, ಮುಖ ತೊಳೆಯಿರಿ. ಅಷ್ಟರಲ್ಲಿ ಬೋರ್ಡಿಂಗ್ ಶುರುವಾಗಿರುತ್ತದೆ.